ಸಕಲ ಸೌಲಭ್ಯದ ಊರಿಗೆ ಸಂಸಾರ ಸಮೇತ

ಗ್ರಾಮೀಣ ಭಾಗದ ಸರಕಾರಿ ನೌಕರರು ಕೇಂದ್ರಸ್ಥಾನದಲ್ಲಿಯೇ ವಾಸಿಸಬೇಕು, ತಪ್ಪಿದರೆ ಶಿಸ್ತುಕ್ರಮ ಜರುಗಿಸಲಾಗುವುದು ಎಂಬ ಎಚ್ಚರಿಕೆ ಮತ್ತೊಮ್ಮೆ ಪತ್ರಿಕೆಯಲ್ಲಿ ಬಂದಿದೆ. ರಾಯಚೂರು ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರಹುಣ್ಣಿಮೆಯಂತೆ ಇದೂ ತಪ್ಪದೆ ಬರುವ ಹಬ್ಬ. ವ್ಯತ್ಯಾಸವಿಷ್ಟೇ, ಕಾರಹುಣ್ಣಿಮೆಗೆ ಎತ್ತುಗಳಾದರೂ ಓಡುತ್ತವೆ, ಸುತ್ತೋಲೆಗೆ ಯಾರೂ ಕದಲುವುದಿಲ್ಲ.

ಕದಲಬೇಕಾದರೂ ಏಕೆ? ಕಾಗದದ ಪ್ರಕಾರ ಅವರೆಲ್ಲ ಆಗಲೇ ಊರಿನಲ್ಲಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಬೀಗ ಹಾಕಿದ ಮನೆಗಳಿಗೆ ಬರವಿಲ್ಲ. ಮನೆಯವರು ಗುಳೆ ಹೋಗಿ ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿರುವಾಗ ಅವರ ಮನೆಯ ವಿಳಾಸವು ಸಾಹೇಬರ ಕಡತದೊಳಗೆ ಸುಖವಾಗಿ ಸಂಸಾರ ಹೂಡಿರುತ್ತದೆ. ಒಡೆಯನೂ ಊರಿನಲ್ಲಿಲ್ಲ, ಬಾಡಿಗೆದಾರನೂ ಇಲ್ಲ. ಕರಾರುಪತ್ರವೊಂದು ಮಾತ್ರ ನಿಷ್ಠೆಯಿಂದ ಕೇಂದ್ರಸ್ಥಾನದಲ್ಲಿ ವಾಸವಾಗಿದೆ.

ಹಾಗೆಂದು ಸರಕಾರದ ನೌಕರರು ಯಾರೂ ಹಳ್ಳಿಯಲ್ಲಿ ರಾತ್ರಿ ಕಳೆಯುವುದಿಲ್ಲವೆಂದರೆ ಅದು ಅಪಚಾರವಾದೀತು. ವಸ್ತಿ ಬಸ್ಸಿನ ಚಾಲಕ ಮತ್ತು ನಿರ್ವಾಹಕರು ಇದ್ದಾರಲ್ಲ. ಕತ್ತಲಾದ ಮೇಲೆ ಕೊನೆಯ ಪ್ರಯಾಣಿಕರನ್ನು ಇಳಿಸಿ, ಹನುಮಪ್ಪನ ಗುಡಿಯ ಮುಂದೆ ಬಸ್ಸು ನಿಲ್ಲಿಸಿ, ಬುತ್ತಿ ಬಿಚ್ಚಿ ರೊಟ್ಟಿ-ಪುಂಡಿಪಲ್ಲೆ ಉಂಡು, ಒಬ್ಬರು ಕಟ್ಟೆಯ ಮೇಲೆ, ಇನ್ನೊಬ್ಬರು ಉದ್ದನೆಯ ಹಿಂಬದಿ ಸೀಟಿನ ಮೇಲೆ ಮಲಗುತ್ತಾರೆ. ಬೇಸಿಗೆಯಾದರೆ ಟವೆಲ್ಲು ತೋಯಿಸಿ ಸೀಟಿಗೆ ಹಾಸಿಕೊಳ್ಳುವುದುಂಟು. ಹಣದ ಚೀಲ ಮತ್ತು ಟಿಕೆಟ್ ಯಂತ್ರ ನಿರ್ವಾಹಕರ ತಲೆದಿಂಬು. ಊರಿನ ಸೊಳ್ಳೆಗಳ ಸಂಖ್ಯೆ, ಕರೆಂಟು ಹೋಗುವ ಹೊತ್ತು, ಬೀದಿಯ ನಳಕ್ಕೆ ನೀರು ಬಂತೋ ಇಲ್ಲವೋ ಎಂಬುದರ ಖಚಿತ ಮಾಹಿತಿ ಸರಕಾರದಲ್ಲಿ ಇವರಿಬ್ಬರಿಗೆ ಮಾತ್ರ ಇದೆ. ಆದರೂ ಅಭಿವೃದ್ಧಿ ಪರಿಶೀಲನಾ ಸಭೆಗೆ ಇವರನ್ನು ಇದುವರೆಗೆ ಯಾರೂ ಕರೆದದ್ದಿಲ್ಲ, ಬಹುಶಃ ಬೆಳಗಿನ ಆರಕ್ಕೇ ಅವರು ಬಸ್ಸು ತೆಗೆಯಬೇಕಾಗಿರುವುದರಿಂದ.

ಸುತ್ತೋಲೆ ಅಚ್ಚಾದ ಪತ್ರಿಕೆಯಲ್ಲಿಯೇ ತೋಟದ ನಿವೇಶನಗಳ ಜಾಹೀರಾತೂ ಇತ್ತು. ನಗರದ ಗದ್ದಲ ಬಿಟ್ಟು ತುಂಗಭದ್ರೆಯ ಸೀಮೆಗೆ ಕುಟುಂಬ ಸಮೇತ ಬನ್ನಿ, ಸಕಲ ಸೌಲಭ್ಯಗಳಿವೆ ಎಂಬ ಆಹ್ವಾನ. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ಕಿತ್ತುಹಾಕಿದ ಮೇಲೆ ಕುಂಟೆ ಯಾವುದು, ಕೂರಿಗೆ ಯಾವುದು ಎಂದು ತಿಳಿಯದವರೂ ಹೊಲದ ಒಡೆಯರಾಗಬಹುದು. ಆಗಲಿ, ಬರಲಿ, ನಮಗೂ ಸಂತೋಷವೇ. ವಾರಾಂತ್ಯಕ್ಕೆ ಬರುವವರಿಗೆ ಕ್ಯಾನಿನ ನೀರು, ಜನರೇಟರು, ಈಜುಕೊಳ ಎಲ್ಲವೂ ಬೇಲಿಯ ಒಳಗಿರುತ್ತವೆ. ಬೇಲಿಯ ಹೊರಗಿರುವುದು ಊರು, ಅದು ಜಾಹೀರಾತಿನಲ್ಲಿ ಇಲ್ಲ.

ಬೇಲಿಯ ಹೊರಗೂ ಸೌಲಭ್ಯಗಳಿವೆ ಎನ್ನುವುದನ್ನು ಮರೆಯಬಾರದು. ಜಲಜೀವನ ಮಿಷನ್ 2019ರಲ್ಲಿ ಘೋಷಣೆಯಾಯಿತು, ನಮ್ಮಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಎಂಬ ಭಕ್ತಿಪೂರ್ಣ ನಾಮಕರಣವೂ ಆಯಿತು. ತಲಾ 55 ಲೀಟರ್ ನೀರು, 2024ರೊಳಗೆ ಪ್ರತಿ ಮನೆಗೂ. ಈಗ ಗಡುವು 2028ಕ್ಕೆ ಸರಿದಿದೆ. ಈ ನಡುವೆ ಗಟ್ಟಿಮುಟ್ಟಾದ ಸಿಸಿ ರಸ್ತೆಗಳನ್ನು ಅಗೆದು ಪೈಪು ಹೂಳಲಾಗಿದೆ, ಬಾಗಿಲ ಮುಂದೆ ನಳ ನಿಲ್ಲಿಸಿ ಫೋಟೊ ತೆಗೆಯಲಾಗಿದೆ. “ನಳ ಬಂದಾವ್ರೀ ಸಾಹೇಬ್ರ, ನೀರು ಇನ್ನಾ ಬಂದಿಲ್ಲ” ಎಂದು ಲಿಂಗಸುಗೂರು ಕಡೆಯ ಮುದುಕಿಯೊಬ್ಬರು ಹೇಳಿದರು. ಅವರ ಮನೆಯ ನಳಕ್ಕೆ ಎಮ್ಮೆಯ ಕರು ಕಟ್ಟಿತ್ತು. ಅಂತೂ ಪೈಪು ಗಟ್ಟಿಯಾಗಿದೆ.

ವಿದ್ಯುತ್ತಿನ ಮಾತಂತೂ ಹೇಳಲೇಬೇಕು. ಶಕ್ತಿನಗರದ ಉಷ್ಣಸ್ಥಾವರದ ಸಾಮರ್ಥ್ಯ 1720 ಮೆಗಾವಾಟ್, ಯರಮರಸ್‌ನದು 1600. ರಾಜ್ಯಕ್ಕೆಲ್ಲ ಬೆಳಕು ಕೊಡುವ ಜಿಲ್ಲೆಯ ಹಳ್ಳಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಫ್ಯಾನು ನಿಂತುಹೋದಾಗ, ಹಾರುಬೂದಿಯಾದರೂ ನಮ್ಮ ಪಾಲಿಗೆ ಕಡಿತವಿಲ್ಲದೆ ಬರುತ್ತದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಕು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು; ಹೆಸರಿಗೆ ಪೈಪೂ ಬೇಡ, ತಂತಿಯೂ ಬೇಡವಾದ್ದರಿಂದ ಅದೊಂದು ಮಾತ್ರ ಒಂದೇ ದಿನದಲ್ಲಿ ಮನೆಮನೆಗೆ ತಲುಪಿತು.

ಇಷ್ಟರ ನಡುವೆ ನೌಕರರನ್ನಷ್ಟೇ ದೂರುವುದು ನ್ಯಾಯವಲ್ಲ. ಆರೋಗ್ಯ ಕೇಂದ್ರದ ಹಿಂದೆ ವೈದ್ಯರಿಗೆಂದು ಕಟ್ಟಿದ ವಸತಿಗೃಹಗಳನ್ನು ಹೋಗಿ ನೋಡಬೇಕು. ಅಂಗಳದಲ್ಲಿ ಆಳೆತ್ತರ ಬೆಳೆದ ಬಳ್ಳಾರಿ ಜಾಲಿ, ಸಿಮೆಂಟು ಕಳಚಿ ಕಬ್ಬಿಣ ತೋರುವ ಛಾವಣಿ, ಕಿಟಕಿಯ ಚೌಕಟ್ಟಿದೆ ಆದರೆ ಕಿಟಕಿ ಇಲ್ಲ. ಒಂದು ಇಲಾಖೆಯ ಎಂಜಿನಿಯರರು ಕಟ್ಟಡ ವಾಸಕ್ಕೆ ಯೋಗ್ಯವಲ್ಲವೆಂದು ಬರೆದುಕೊಡುತ್ತಾರೆ, ಇನ್ನೊಂದು ಇಲಾಖೆಯವರು ಅಲ್ಲಿಯೇ ವಾಸಿಸತಕ್ಕದ್ದು ಎಂದು ಆದೇಶಿಸುತ್ತಾರೆ. ವೈದ್ಯರು ಇಬ್ಬರ ಮಾತನ್ನೂ ಗೌರವಿಸಿ ರಾಯಚೂರಿನಲ್ಲಿ ಮನೆ ಮಾಡುತ್ತಾರೆ. ಅವರ ಮಕ್ಕಳಿಗೆ ಒಳ್ಳೆಯ ಶಾಲೆ ಬೇಕು, ಹೆಂಡತಿಗೋ ಗಂಡನಿಗೋ ಅಲ್ಲಿಯೇ ನೌಕರಿ. ಯಾರು ತಾನೆ ತಪ್ಪೆನ್ನಬೇಕು?

ತಪ್ಪೆನ್ನಬೇಕಾದವರು ಬೇರೆ ಇದ್ದಾರೆ, ಮತ್ತು ಇಲ್ಲಿಗೆ ನನ್ನ ನಗೆ ಮುಗಿಯಿತು. ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ಕೂತ ನಂಜುಂಡಪ್ಪ ಸಮಿತಿ ವರದಿ ಕೊಟ್ಟದ್ದು 2002ರಲ್ಲಿ. ಅತ್ಯಂತ ಹಿಂದುಳಿದವು ಎಂದು ಅದು ಗುರುತಿಸಿದ 39 ತಾಲ್ಲೂಕುಗಳಲ್ಲಿ ನಮ್ಮ ದೇವದುರ್ಗವೂ ಒಂದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದದ್ದು 2013ರಲ್ಲಿ. ಆಗ ಹುಟ್ಟಿದ ಮಗು ಇಂದು ಹೈಸ್ಕೂಲು ಹತ್ತುವ ವಯಸ್ಸಿಗೆ ಬಂದಿದೆ, ಪಾಠ ಹೇಳಲು ಅತಿಥಿ ಶಿಕ್ಷಕರು ಬರುತ್ತಾರೋ ಇಲ್ಲವೋ ಎಂದು ಜೂನ್ ತಿಂಗಳಿಡೀ ಕಾಯುತ್ತದೆ. ಸಂಬಳ ಪಡೆಯುವವರೂ ಇರಲಾಗದ ಊರಿನಲ್ಲಿ ಸಂಬಳವಿಲ್ಲದವರು ಇದ್ದಾರೆ, ಅವರಿಗೆ ಯಾವ ಸುತ್ತೋಲೆಯೂ ಬಂದಿಲ್ಲ. ನಡುರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಗಳನ್ನು, ತಾಲ್ಲೂಕು ಕೇಂದ್ರದಿಂದ ಬರಬೇಕಾದ 108ಕ್ಕೆ ಕಾಯುತ್ತಾ, ಬೀಗ ಹಾಕಿದ ಆರೋಗ್ಯ ಕೇಂದ್ರದ ಮೆಟ್ಟಿಲ ಮೇಲೆ ಕೂರಿಸಿಕೊಂಡು ಕುಳಿತವರಿಗೆ ಈ ಸೌಲಭ್ಯಗಳ ಪಟ್ಟಿಯನ್ನು ಓದಿ ಹೇಳುವ ಧೈರ್ಯ ಯಾರಿಗಾದರೂ ಇದ್ದರೆ ದಯವಿಟ್ಟು ಮುಂದೆ ಬರಲಿ. ವಸ್ತಿ ಬಸ್ಸಿನಲ್ಲಿ ಸೀಟು ಖಾಲಿ ಇದೆ.