ಮೂಡಿಯವರ ಪ್ರಸಂಗ ಕೇಳಿದವರೆಲ್ಲ ಬೆಂಕಿಗೆ ಬಲಿಯಾದರೇ? ಒಂದು ಸ್ಪಷ್ಟನೆ

'ನಾಳೆ ನೋಡೋಣ ಅನ್ನಬೇಡಿ' ಎಂದು ಎಚ್ಚರಿಸುವ ಕ್ರೈಸ್ತ ಪ್ರಸಂಗಗಳಲ್ಲಿ (ಬೋಧನೆಗಳಲ್ಲಿ) ಒಂದು ಕಥೆ ಆಗಾಗ ಬರುತ್ತದೆ. ಅಮೆರಿಕದ ಕ್ರೈಸ್ತ ಬೋಧಕ ಡಿ. ಎಲ್. ಮೂಡಿ ಷಿಕಾಗೋದಲ್ಲಿ ಯೇಸುವನ್ನು ನಂಬುವುದೋ ಬೇಡವೋ ಎಂದು ತೀರ್ಮಾನಿಸಲು ಸಭೆಗೆ ಒಂದು ವಾರ ಗಡುವು ಕೊಟ್ಟರಂತೆ, ಅದೇ ರಾತ್ರಿ ಕೇಳಿದವರೆಲ್ಲ ಸುಟ್ಟು ಸತ್ತರಂತೆ. ಮೊದಲರ್ಧ ನಿಜ. ಉಳಿದದ್ದು ಉಪ್ಪುಖಾರ.

1871ರ ಅಕ್ಟೋಬರ್ 8, ಭಾನುವಾರ. ಷಿಕಾಗೋ ನಗರವನ್ನು ಸುಟ್ಟ ದೊಡ್ಡ ಬೆಂಕಿ ಹತ್ತಿದ ದಿನ. ಫಾರ್ವೆಲ್ ಹಾಲ್‌ನಲ್ಲಿ ಮೂಡಿ, ಯೇಸುವಿನ ವಿಚಾರಣೆ ನಡೆಸಿದ ರೋಮನ್ ಅಧಿಪತಿ ಪಿಲಾತನ ಪ್ರಶ್ನೆ ಎತ್ತಿಕೊಂಡಿದ್ದರು: ಯೇಸುವನ್ನು ನಾನೇನು ಮಾಡಲಿ? ಮನೆಗೆ ಹೋಗಿ ಯೋಚಿಸಿ, ಮುಂದಿನ ಭಾನುವಾರ ತೀರ್ಮಾನ ಮಾಡೋಣ ಎಂದರು. ಮೂಡಿಯವರ ಜೊತೆಗಾರ ಗಾಯಕ ಸ್ಯಾಂಕಿ ಕೊನೆಯ ಹಾಡು ಹಾಡುತ್ತಿದ್ದಾಗಲೇ ಹೊರಗೆ ಬೆಂಕಿಯ ಗಂಟೆ, ಬಂಡಿಗಳ ಗದ್ದಲ. ಆದರೆ ಜನ ಹೊರಟಾಗ ಬೆಂಕಿ ಹಾಲ್‌ಗೆ ತಲುಪಿರಲಿಲ್ಲ. ಆಮೇಲೆ ಹಾಲ್ ಸುಟ್ಟಿತು, ಮೂಡಿಯವರ ಮನೆ, ಚರ್ಚು ಎರಡೂ ಹೋದವು.

ಇಡೀ ಊರಲ್ಲಿ ಸತ್ತವರು ಸುಮಾರು 300. ಮನೆ ಕಳೆದುಕೊಂಡವರು ಮಾತ್ರ 1 ಲಕ್ಷದಷ್ಟು. ಆ ಸಭೆಯನ್ನು ಮತ್ತೆ ನೋಡಲೇ ಇಲ್ಲ ಎಂದು ಮೂಡಿ ಹೇಳುತ್ತಿದ್ದರು. ಹಾಲೇ ಇಲ್ಲದ ಮೇಲೆ, ಚೆದುರಿದ ಜನ ಸೇರುವುದಾದರೂ ಎಲ್ಲಿ, ಅಲ್ವಾ? ಕೆಲವರು ಸತ್ತಿರಬಹುದು ಎಂಬ ಕೊರಗು ಅವರಿಗಿತ್ತು. 'ಎಲ್ಲರೂ' ಅನ್ನೋದು ಆಮೇಲೆ ಅಂಟಿಕೊಂಡದ್ದು. (ಓಲಿಯರಿ ಎಂಬಾಕೆಯ ಹಸು ದೀಪ ಒದ್ದು ಈ ಬೆಂಕಿ ಹತ್ತಿತು ಅನ್ನೋದೂ ಇಂಥದ್ದೇ. 1997ರಲ್ಲಿ ಷಿಕಾಗೋ ನಗರಸಭೆಯೇ ಆಕೆಯನ್ನೂ ಹಸುವನ್ನೂ ದೋಷಮುಕ್ತ ಮಾಡಿತು.)

ನನಗೆ ಜಾಸ್ತಿ ಕಾಡುವುದು ಇನ್ನೊಂದು ತಿರುಚು. ಈಗಿನ ಕಥೆಯಲ್ಲಿ ತಪ್ಪೆಲ್ಲ ತಡಮಾಡಿದ ಕೇಳುಗರದು. ಮೂಡಿ ದೂರಿದ್ದು ತಮ್ಮನ್ನೇ. ಗಡುವು ಕೊಟ್ಟವರು ಅವರಲ್ಲವೇ? ಅಲ್ಲಿಂದ ಮುಂದೆ ಅವರು ವಾರದ ಸಮಯ ಕೊಡಲಿಲ್ಲ, ಆ ಕೂಟದಲ್ಲೇ ತೀರ್ಮಾನ ಕೇಳುತ್ತಿದ್ದರು.