99 ರೂಪಾಯಿ ನಲ್ಲಿಯ ಪ್ರತಾಪ

ಮತ್ತೆ ಮುರೀತು! ನಲ್ಲಿ ಕೈಗೆ ಬಂತು, ಅದರ ತಿರುಪಿನ ತುದಿ, ಅಂದರೆ ಥ್ರೆಡ್, ಮಾತ್ರ ಗೋಡೆಯೊಳಗಿನ ಎಲ್ಬೋದಲ್ಲೇ (ಪೈಪಿನ ಬಾಗಿದ ಜೋಡಣೆ) ಕೂತಿದೆ. 'ಯಾವುದೇ ತಗೊಳ್ಳಿ 99' ಅಂಗಡಿಯ ಅರ್ಧ ಇಂಚಿನ ಪ್ಲಾಸ್ಟಿಕ್ಕಿಗೆ ಬೆಳ್ಳಿ ಬಣ್ಣ ಬಳಿದರೆ ಹಿತ್ತಾಳೆ ಆಗಿಬಿಡುತ್ತಾ?

ಅದರ ಜೊತೆಗಿನ, ನೀರು ಸೋರದಂತೆ ಥ್ರೆಡ್ಡಿಗೆ ಸುತ್ತೋ ಟೆಫ್ಲಾನ್ ಟೇಪ್ ಅಂತೂ ಜೇಡರ ಬಲೆ. ಥ್ರೆಡ್ಡಿನ ತುದಿ ನಮ್ಮ ಕಡೆ ಹಿಡಿದು, ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತಬೇಕು, ಒಪ್ಪಿದೆ. ಒಳ್ಳೆ ಟೇಪಾದರೆ ಏಳೆಂಟು ಸುತ್ತು ಸಾಕು. ಇದನ್ನು ಇಪ್ಪತ್ತು ಸುತ್ತಿದರೂ ತೊಟ ತೊಟ ನಿಲ್ಲಲ್ಲ. ಇನ್ನೊಂಚೂರು ಬಿಗಿ ಮಾಡೋಣ ಅಂತ ಸ್ಪ್ಯಾನರ್ ಹಾಕಿದರೆ, ಟಕ್! ಆಮೇಲೆ ಹ್ಯಾಕ್ಸಾ ಬ್ಲೇಡಿನ ತುಂಡು ತೂರಿಸಿ, ಒಳಗೆ ಸಿಕ್ಕಿದ ಪ್ಲಾಸ್ಟಿಕ್ಕನ್ನು ಎರಡು ಕಡೆ ಗೀರಿ, ಸ್ಕ್ರೂಡ್ರೈವರಲ್ಲಿ ಒಳಕ್ಕೆ ಮಡಚಿ ಕೀಳೋ ಯೋಗ. ಬ್ಲೇಡು ಎಲ್ಬೋ ಥ್ರೆಡ್ಡಿಗೆ ತಾಗಿತೋ, ಎಲ್ಬೋ ಬದಲಿಸೋಕೆ ಟೈಲ್ಸ್ ಒಡೆಯೋ ಭಾಗ್ಯವೂ ಉಚಿತ.

ಸೋರೋ ಕಡೆ ಎಪಾಕ್ಸಿ ಪುಟ್ಟಿ (ಕಲಸಿ ಮೆತ್ತೋ, ಒಣಗಿ ಗಟ್ಟಿಯಾಗೋ ಅಂಟು) ಮೆತ್ತಿ ಅಂತಾರೆ. ನೀರು ಜಿನುಗ್ತಿರೋ ಪೈಪಿಗೆ ಮಾಮೂಲಿ ಪುಟ್ಟಿ ಯಾವ ಜನ್ಮದಲ್ಲಿ ಅಂಟಿದೆ ಸ್ವಾಮಿ?

ಅದೇ ಅಂಗಡಿಯ ಸ್ಕ್ರೂ ಪ್ಯಾಕೆಟ್ಟಿನದು ಬೇರೆ ಕಥೆ. ಗೋಡೆಯ 6 ಎಂಎಂ ತೂತಿಗೆ, ಸ್ಕ್ರೂ ಕಚ್ಚಿ ಹಿಡಿಯೋಕೆ ತೂರಿಸೋ 5 ಎಂಎಂ ಪ್ಲಾಸ್ಟಿಕ್ ಪ್ಲಗ್ಗು. ತಿರುಗಿಸಿದರೆ ಸ್ಕ್ರೂ ಜೊತೆ ಪ್ಲಗ್ಗೂ ಗಿರಗಿರ. ಸ್ಕ್ರೂ ತಲೆ ಅಷ್ಟರಲ್ಲೇ ಸವೆದು ಬೋಳು. '10 ಕೆಜಿ ತಡೆಯುತ್ತೆ' ಅನ್ನೋ ಅಂಟಿಸುವ ಹುಕ್ಕೋ, ಒಂದು ಒದ್ದೆ ಟವೆಲ್ಲಿಗೇ ಡಿಸ್ಟೆಂಪರ್ ಸಮೇತ ಕೆಳಗೆ. ಕೇಳೋಕೆ ಹೋದರೆ ಗಲ್ಲಾಪೆಟ್ಟಿಗೆ ಮೇಲೇ ಬರೆದಿದೆಯಲ್ಲ: ಮಾರಿದ ಮಾಲು ವಾಪಸ್ ಇಲ್ಲ!