ಹದಿನಾಲ್ಕೂ ಮುಕ್ಕಾಲು ಮೀಟರಿನ ಬಡಪಾಯಿ ದೋಣಿ

ಫ್ರಾನ್ಸಿನ ನಾರ್ಮಂಡಿ ತೀರದ ಸೇನ್ ಕೊಲ್ಲಿಯಲ್ಲಿ, ಮರಳಲ್ಲಿ ಹುದುಗಿರುವ ಸ್ಕ್ಯಾಲಪ್ ಎಂಬ ತಿನ್ನುವ ಚಿಪ್ಪುಜೀವಿಗೆ ಎರಡು ದೇಶಗಳು ಎರಡು ಪಂಚಾಂಗ ಬರೆದುಕೊಟ್ಟಿದ್ದವು. ಫ್ರೆಂಚ್ ಪಂಚಾಂಗದ ಪ್ರಕಾರ ಮೇ 15ರಿಂದ ಸೆಪ್ಟೆಂಬರ್ ಮುಗಿಯುವ ತನಕ ಮೊಟ್ಟೆಯಿಡುವ ಕಾಲ, ಮುಟ್ಟಬಾರದು. ಬ್ರಿಟಿಷ್ ಪಂಚಾಂಗದಲ್ಲಿ ಫ್ರೆಂಚ್ ತೀರದಿಂದ 12 ನಾಟಿಕಲ್ ಮೈಲು ದಾಟಿದರೆ ವರ್ಷವಿಡೀ ಶುಭಮುಹೂರ್ತವಿತ್ತು. ಚಿಪ್ಪು 11 ಸೆಂ.ಮೀ. ಆಗುವವರೆಗೆ ಹಿಡಿಯಬಾರದೆಂಬ ಒಂದು ಮಾತಿಗೆ ಮಾತ್ರ ಇಬ್ಬರೂ ತಲೆಯಾಡಿಸಿದ್ದರು.

ಪರಿಹಾರವೂ ಸಿಕ್ಕಿತ್ತೆನ್ನಿ. 15 ಮೀಟರಿಗಿಂತ ಉದ್ದದ ಬ್ರಿಟಿಷ್ ದೋಣಿಗಳು ಬೇಸಿಗೆಯಲ್ಲಿ ಅತ್ತ ಸುಳಿಯಬಾರದು, ಅದಕ್ಕೆ ಬದಲಾಗಿ ಬೇರೆಡೆ ಮೀನುಗಾರಿಕೆಯ ದಿನಗಳನ್ನು ಪಡೆಯಬೇಕು. ಹದಿನಾಲ್ಕೂ ಮುಕ್ಕಾಲು ಮೀಟರಿನದು? ಅದು ಬಡಪಾಯಿ, ಹೋಗಲಿ ಬಿಡಿ! ಉದ್ದವನ್ನು ಗೆರೆಯೊಳಗೆ ಹಿಡಿದಿಟ್ಟು ಅಗಲ, ಆಳ, ಎಂಜಿನ್ ಹಿಗ್ಗಿಸುವ ಕಲೆ ಯುರೋಪಿನ ದೋಣಿ ಕಟ್ಟುವವರಿಗೆ ಹೊಸದೇನಲ್ಲ.

ದೋಣಿ ಕಡಲತಳದಲ್ಲಿ ಎಳೆದೊಯ್ಯುವ ಡ್ರೆಜ್ ಎಂಬ ಸಾಧನಕ್ಕೆ ಮೇಲಿನ ದೋಣಿ ಎಷ್ಟುದ್ದ ಎಂದು ತಿಳಿಯುವುದಿಲ್ಲ. ಮುಂದೆ ಸ್ಪ್ರಿಂಗ್ ಜೋಡಿಸಿದ ಹಲ್ಲಿನ ಸರಳು, ಹಿಂದೆ ಉಕ್ಕಿನ ಬಳೆಗಳ ಚೀಲ. ಹಲ್ಲು ಮರಳು ಕೆದಕಿ ಚಿಪ್ಪನ್ನು ಎಬ್ಬಿಸುತ್ತದೆ, ಬಂಡೆ ತಗುಲಿದರೆ ಸ್ಪ್ರಿಂಗ್ ಹಿಂದಕ್ಕೆ ಬಾಗಿ ಸರಳನ್ನು ಉಳಿಸುತ್ತದೆ. ಮರಿಗಳು ಬಳೆಯ ಸಂದಿನಿಂದ ಜಾರಿಹೋಗಬೇಕೆಂಬುದು ಕಾಗದದ ಮೇಲಿನ ಮಾತು. ಕಲ್ಲು, ಖಾಲಿ ಚಿಪ್ಪು ತುಂಬಿ ಚೀಲ ಕಟ್ಟಿಕೊಂಡರೆ ಸಂದು ಮುಚ್ಚಿ ಮರಿಯೂ ಡೆಕ್ಕಿಗೆ ಬರುತ್ತದೆ, ಕೆಲವು ಒಡೆದೇ ಬರುತ್ತವೆ.

ಕಾಡ್ ಮೀನಿಗೆ ಟನ್ನು ಟನ್ನಿಗೂ ಕೋಟಾ ಹಂಚುವ ಐರೋಪ್ಯ ಒಕ್ಕೂಟ ಸ್ಕ್ಯಾಲಪ್‌ಗೆ ಮಾತ್ರ ಅಂಥ ಮಿತಿಯನ್ನೇ ಹಾಕಲಿಲ್ಲ. ಎಂಜಿನ್ನಿನ ಕಿಲೋವ್ಯಾಟನ್ನು ದಿನಗಳಿಂದ ಗುಣಿಸಿ ಬಂದದ್ದನ್ನೇ ಹತೋಟಿ ಎಂದಿತು. ಹಾಗಾಗಿ ಎಷ್ಟು ಹಿಡಿದಿರಿ ಎಂದು ಕೇಳುವ ಬದಲು ಎಷ್ಟು ಉರಿಸಿದಿರಿ ಎಂದು ಕೇಳಿದ ಹಾಗಾಯಿತು. ಫ್ರಾನ್ಸಿನದೇ ಬ್ರಿಟನಿ ಪ್ರಾಂತ್ಯದ ಸೇಂಟ್ ಬ್ರಿಯೂ ಕೊಲ್ಲಿಯವರು ಬೇರೆ ಜಾತಿಯ ಜನ. ಅಲ್ಲಿ ವಾರಕ್ಕೆ ಎರಡು ದಿನ, ದಿನಕ್ಕೆ 45 ನಿಮಿಷ, ಅಷ್ಟೇ ಬೇಟೆ. ಮೀನುಗಾರಿಕಾ ಮಂತ್ರಿಗಳ ಸಭೆಯಲ್ಲಿ ಚಹಾ ವಿರಾಮವೇ ಅದಕ್ಕಿಂತ ಉದ್ದವಿರಬೇಕು!

2018ರ ಆಗಸ್ಟ್ 28ರಂದು ಆ ಪಂಚಾಂಗಗಳು ಡಿಕ್ಕಿ ಹೊಡೆದವು. ಸುಮಾರು 35 ಫ್ರೆಂಚ್ ದೋಣಿಗಳು 5 ಬ್ರಿಟಿಷ್ ದೋಣಿಗಳನ್ನು ಸುತ್ತುವರಿದವು, ಕಲ್ಲು, ಹೊಗೆಬಾಂಬು ಹಾರಿದವು. ಸೆಪ್ಟೆಂಬರಿನಲ್ಲಿ ಲಂಡನ್, ಪ್ಯಾರಿಸ್‌ಗಳಲ್ಲಿ ಮಾತುಕತೆ ನಡೆದು, 15 ಮೀಟರಿಗಿಂತ ಚಿಕ್ಕ ಬ್ರಿಟಿಷ್ ದೋಣಿಗಳೂ ಬೇಸಿಗೆಯಲ್ಲಿ ಅತ್ತ ಹೋಗದಿರಲು ಕೊಡಬೇಕಾದ ಪರಿಹಾರದ ಲೆಕ್ಕದಲ್ಲಿ ಮುರಿದುಬಿತ್ತು. ಬ್ರಿಟಿಷ್ ಸ್ಕ್ಯಾಲಪ್‌ನ ಬಹುದೊಡ್ಡ ಗಿರಾಕಿ ಯಾರೆಂದರೆ ಫ್ರಾನ್ಸೇ. ಹಗಲು ಕಲ್ಲು ಹೊಡೆಸಿಕೊಂಡ ಸರಕು ರಾತ್ರಿ ಬೆಣ್ಣೆ, ಬೆಳ್ಳುಳ್ಳಿಯೊಂದಿಗೆ ಅದೇ ದೇಶದ ತಟ್ಟೆಗೆ ಬರುತ್ತದೆ. ಅಂಕಿ ಅಂಶದಲ್ಲಿ ಅದು ಒಬ್ಬರ ಉತ್ಪಾದನೆ, ಇನ್ನೊಬ್ಬರ ಆಮದು. ಉತ್ಪಾದನೆಯ ಲೆಕ್ಕದಲ್ಲಿ ಚಿಪ್ಪಿನ ಭಾರವೂ ಸೇರಿರುವುದರಿಂದ, ಯಾರೂ ತಿನ್ನದ ಭಾಗದ ಮೇಲೂ ಎರಡೂ ದೇಶಗಳು ಹೆಮ್ಮೆಪಡಬಹುದು.

ಬ್ರೆಕ್ಸಿಟ್ ಆದ ಮೇಲೆ ಕಲ್ಲಿನ ಕೆಲಸವನ್ನು ಕಾಗದ ವಹಿಸಿಕೊಂಡಿತು. 2021ರ ಅಕ್ಟೋಬರಿನಲ್ಲಿ, ಅಂದರೆ ಫ್ರೆಂಚ್ ಪಂಚಾಂಗವೂ ಒಪ್ಪುವ ಸುಮುಹೂರ್ತದಲ್ಲೇ, ಲೈಸೆನ್ಸಿನ ತಕರಾರು ತೆಗೆದು ಬ್ರಿಟಿಷ್ ಸ್ಕ್ಯಾಲಪ್ ದೋಣಿಯೊಂದನ್ನು ಲೆ ಹಾವ್ರ್ ಬಂದರಿನಲ್ಲಿ ತಡೆದು ನಿಲ್ಲಿಸಿದರು.